ದೀಪದ ಬಳೆಗೆ ಮುಲಾಮು

ಹೊಳೆಯುವ ವಸ್ತುಗಳನ್ನು ಕಂಡರೆ ನನಗೀಗ ಆಯಾಸವಾಗುತ್ತದೆ. ಈ ವಾರವೆಲ್ಲ ನಾನು ಸ್ನಾನ-ಊಟ ಬಿಟ್ಟರೆ ಮಾಡಿದ್ದು ಒಂದೇ ಕೆಲಸ: ನಮ್ಮ ಮೋಟಾರಿನ ಎರಡು ದೀಪಗಳ ಸುತ್ತಲಿನ ಬಳೆಗಳಿಗೆ ಹೊಳಪು ತರುವುದು.

ಮೋಟಾರೆಂದರೆ ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬೇಡಿ. ಹೈದರಾಬಾದಿನ ನವಾಬರೊಬ್ಬರು ಓಡಿಸಿ ಬೇಸತ್ತು, ಅವರ ಮುನ್ಷಿ ಓಡಿಸಿ ಬೇಸತ್ತು, ಕೊನೆಗೆ ಚಿತ್ತಾಪುರದ ವಕೀಲನಾದ ನನ್ನ ಪಾಲಿಗೆ ಬಂದ ಮುದಿ ಗಾಡಿ. ಶಹಾಬಾದಿನ ಕಲ್ಲುಧೂಳು, ಸೇಡಂ ರಸ್ತೆಯ ಕರಿಮಣ್ಣು ಎರಡೂ ಸೇರಿ ಬಳೆಗಳ ನಿಕಲನ್ನು ತಿಂದುಹಾಕಿವೆ. ಅಲ್ಲಲ್ಲಿ ಹಿತ್ತಾಳೆ ಇಣುಕುತ್ತದೆ. ದೂಡಿದರೆ ಓಡುತ್ತದೆ, ನಾನೂ ಅಷ್ಟೇ.

ಇಂದು ಮಧ್ಯಾಹ್ನ ನನ್ನ ಮಗಳು ಗೋದಾವರಿಯನ್ನು ನೋಡಲು ರಾಯಚೂರಿನಿಂದ ಗಂಡಿನ ಕಡೆಯವರು ಬರುತ್ತಾರೆ. ಹಿಂದೆ ಬಂದ ಎರಡು ಮನೆಯವರು ಅವಲಕ್ಕಿ ತಿಂದು, ಚಹಾ ಕುಡಿದು, "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ. ಹುಡುಗಿ ಕಪ್ಪಂತೆ. ನಮ್ಮ ಹೊಲದ ಮಣ್ಣೂ ಕಪ್ಪೇ. ಅದನ್ನು ಕಂಡು ಯಾರೂ ಮೂಗು ಮುರಿದದ್ದಿಲ್ಲ. ಹೋಗಲಿ. ಈ ಸಲ ಬರುವವರನ್ನು ವಾಡಿ ಸ್ಟೇಷನ್ನಿನಿಂದ ಥಳಥಳಿಸುವ ಮೋಟಾರಿನಲ್ಲಿ ಕರೆತಂದರೆ ನಮ್ಮ ಮನೆತನಕ್ಕೆ ಅಷ್ಟಾದರೂ ಕಳೆ ಬಂದೀತೆಂದು ನನ್ನ ಹಂಚಿಕೆ.

ಲೋಹದ ಮೇಲೆ ಲೋಹ ಬಳಿಯುವುದಕ್ಕೆ ನಮ್ಮಲ್ಲಿ ಮುಲಾಮು ಎನ್ನುತ್ತಾರೆ. ಹುಣ್ಣಿಗೆ ಹಚ್ಚುವುದೂ ಮುಲಾಮೇ. ನಮ್ಮ ಅದಾಲತ್ತಿನ ಉರ್ದುವಿನಲ್ಲಿ ಸುಳ್ಳಿಗೆ ಬಳಿದ ನುಣುಪಿಗೂ ಹೆಚ್ಚುಕಡಿಮೆ ಅದೇ ಹೆಸರು. ಆ ಕೊನೆಯದನ್ನು ಹಚ್ಚಿಯೇ ಇಷ್ಟು ವರ್ಷ ಹೊಟ್ಟೆ ಹೊರೆದವನಿಗೆ ಮೊದಲನೆಯದು ಯಾವ ಮಹಾ ವಿದ್ಯೆ ಎಂದುಕೊಂಡೆ.

ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ವಿಧಾನವಿತ್ತು. ಭರಣಿಯಲ್ಲಿ ಸಿರ್ಕಾ, ಅಂದರೆ ವಿನೆಗರ್, ಮತ್ತು ಉಪ್ಪು. ಬ್ಯಾಟರಿಯ ಒಂದು ತಂತಿಗೆ ನಿಕಲ್ ತುಂಡು, ಇನ್ನೊಂದಕ್ಕೆ ಬಳೆ. ಎರಡನ್ನೂ ಮುಳುಗಿಸಿಟ್ಟರೆ ನಿಕಲ್ ಕರಗಿ ಬಳೆಗೆ ಹೋಗಿ ಕೂರುತ್ತದಂತೆ. ಹುಳಿಹುಳಿ ನಾತದ ಸಿರ್ಕಾ ಶಹಾಬಾದಿನ ಹಕೀಮರಲ್ಲಿ ಸಿಕ್ಕಿತು. ಬ್ಯಾಟರಿ ಮೋಟಾರಿನದೇ. ನಿಕಲ್ ಎಲ್ಲಿ ತರಲಿ? ಥಟ್ಟನೆ ಹೊಳೆಯಿತು: ನಮ್ಮ ಹೈದರಾಬಾದ್ ಸರ್ಕಾರದ ನಾಣ್ಯ, ಹಾಲಿ ಸಿಕ್ಕಾದ ಬಿಳಿ ಆಣೆ! ಸರ್ಕಾರದ ನಾಣ್ಯ ಕೆಡಿಸುವುದು ಅಪರಾಧವೆಂದು ಕಕ್ಷಿದಾರರಿಗೆ ಬುದ್ಧಿ ಹೇಳುವ ನಾನು, ಹಿತ್ತಲ ಕದ ಹಾಕಿಕೊಂಡು ಆಣೆಗಳನ್ನು ತಂತಿಗೆ ಕಟ್ಟಿದೆ.

"ಅಯ್ಯ, ಅದು ಮಾವಿನಕಾಯಿ ಭರಣಿರಿ, ಮಡೀದು! ಏನ್ ಮಾಡ್ಲಿಕತ್ತೀರಿ ಅದರಾಗ?" ಎಂದು ನನ್ನ ಹೆಂಡತಿ ಬಾಯಿ ಬಡಿದುಕೊಂಡಳು.

"ಮಗಳ ಲಗ್ನಾ ಮಾಡ್ಲಿಕತ್ತೀನಿ," ಎಂದೆ.

ಇವತ್ತು ಬೆಳಿಗ್ಗೆ ತೆಗೆದು ನೋಡಿದರೆ ಬಳೆಗಳು ಪೂಜೆಯ ತಂಬಿಗೆಯಂತೆ ಕೆಂಪಗಾಗಿದ್ದವು. ಆಣೆಯಲ್ಲಿ ನಿಕಲ್ ಹೆಸರಿಗಷ್ಟೇ, ಹೆಚ್ಚುಪಾಲು ತಾಮ್ರವೇ ಅಂತೆ; ಪಕ್ಕದ ಮನೆಯ ಮಾಸ್ತರರು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೂದಿ ಹಾಕಿ ತಿಕ್ಕಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಾಮ್ರಕ್ಕೆ ಹುಣಸೆಹಣ್ಣು ಹಚ್ಚಿದರೆ ಏನಾಗುತ್ತದೆಂದು ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಇನ್ನಷ್ಟು ಕೆಂಪಾದವು.

"ಇರ್ಲಿ ಬಿಡ್ರಿ, ಎರಡಕ್ಕೂ ಕುಂಕುಮ ಹಚ್ಚಿಬಿಡ್ತೀನಿ," ಎಂದಳು ಹೆಂಡತಿ. ನಗಲೂ ತ್ರಾಣವಿರಲಿಲ್ಲ.

ಬಳೆಗಳನ್ನು ಹಿಡಿದುಕೊಂಡು ನಡುಮನೆಗೆ ಬಂದೆ. ಹುಡುಗಿಯನ್ನು ಸಿಂಗರಿಸಲೆಂದೇ ಸುಲೇಪೇಟದಿಂದ ಬಂದಿದ್ದ ನನ್ನ ಅಕ್ಕ, ಗೋದಾವರಿಯನ್ನು ಕಿಟಕಿಯ ಬಳಿ ಕೂಡಿಸಿ ಮುಖಕ್ಕೆ ಸ್ನೋ ಮೆತ್ತಿ, ಪೌಡರ್ ಡಬ್ಬಿ ತೆರೆದಿದ್ದಳು. ಅರ್ಧ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಅಲ್ಲಾಡಬ್ಯಾಡ ಗೋದೂ. ಇನ್ನೊಂದು ಕೈ ಹಚ್ಚಿದರ ಭಾಳ ಛಂದ ಕಾಣ್ತಿ."

ಗೋದಾವರಿ ನನ್ನ ಕೈಯಲ್ಲಿದ್ದ ಕೆಂಪು ಬಳೆಗಳನ್ನು ನೋಡಿದಳು. ನಗಲಿಲ್ಲ.

"ಅಪ್ಪಾ, ನಂದು ಯಾವ ಬಣ್ಣ ಬರ್ತದ?"

ಗಾಡಿಯ ಮಾನ ಕಾಯುತ್ತಿದ್ದೇನೆಂದು ನಾನು ತಿಳಿದಿದ್ದೆ. ತನ್ನ ಬಣ್ಣಕ್ಕೆ ಅಪ್ಪ ನಾಚಿಕೊಳ್ಳುತ್ತಿದ್ದಾನೆಂದು ಅವಳು ತಿಳಿದಿದ್ದಳು. ಬಳೆಗಳನ್ನು ಕಿಟಕಿಯಲ್ಲಿಟ್ಟೆ.

"ಮಾರಿ ತೊಳಕೊಂಡು ಬಾ, ನನ್ನವ್ವಾ," ಎಂದೆ.

"ಹುಚ್ಚು ಹಿಡದದೇನೋ ನಿನಗ?" ಎಂದು ಅಕ್ಕ ಕೂಗಿದಳು. ಅವಳ ಕೈಯಿಂದ ಡಬ್ಬಿ ಇಸಿದುಕೊಂಡೆ.

ರೈಲಿನ ಹೊತ್ತಾಯಿತು. ಕೆಂಪು ಬಳೆಗಳನ್ನೇ ಬಿಗಿದುಕೊಂಡು ವಾಡಿಗೆ ಹೊರಟಿದ್ದೇನೆ. ಗಾಡಿ ನೋಡಿ ನಗುವವರು ನಗಲಿ. ಹುಡುಗಿಯನ್ನು ಮಾತ್ರ ದೇವರು ಕೊಟ್ಟ ಬಣ್ಣದಲ್ಲೇ ನೋಡಲಿ. ಒಪ್ಪಿದರೆ ಸಂತೋಷ. ಮೂಗು ಮುರಿದರೆ, ಮುಂದಿನ ರೈಲಿಗೇ ಅವರನ್ನು ಬಿಟ್ಟುಬರಲು ಮನೆಯಲ್ಲಿ ಮೋಟಾರಿದೆ.