ಮರಳು ಬಾರದ ಅಂಗಳ

ದೋಣಿ ರಿಪೇರಿ ಮಾಡುವ ಬಡಗಿಯಣ್ಣನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಕಡಲಿಗೆ ಮುಖ ಮಾಡಿದ ಅವನ ಮನೆಯ ಮುಂದಿನ ಮರಳೇ ಅವನ ಕಾರ್ಖಾನೆ. ಮೀನುಗಾರರು ದೋಣಿಯನ್ನು ಅಲ್ಲಿಗೇ ಎಳೆದು ತಂದು ಮಗುಚಿ ಹಾಕಿದರೆ ಇವನು ಹಲಗೆ ಬದಲಿಸಿ, ಸಂದಿಗೆ ಹತ್ತಿ ತುರುಕಿ, ಎಣ್ಣೆ ಬಳಿದು ಕೊಡುತ್ತಿದ್ದ. ಮಳೆಗಾಲದಲ್ಲಿ ಕಾರ್ಖಾನೆಗೆ ರಜೆ. ದೊಡ್ಡ ಅಲೆಗಳು ಮರಳನ್ನೆಲ್ಲ ಕೆರೆದು ಒಯ್ದು ಆಚೆ ನೀರಿನಡಿ ದಿಬ್ಬ ಮಾಡಿಡುತ್ತಿದ್ದವು. ಮಳೆ ನಿಂತು ಕಡಲು ತಣ್ಣಗಾದ ಮೇಲೆ ಸಣ್ಣ ಅಲೆಗಳು ಅದನ್ನೇ ಇಷ್ಟಿಷ್ಟೇ ಹೊತ್ತು ತಂದು ದಡಕ್ಕೆ ಹಾಕುತ್ತಿದ್ದವು. ಕೊಂಡುಹೋಗಿದ್ದನ್ನು ಹಿಂದಿರುಗಿಸುವ ಸಾಲಗಾರ ಸಿಕ್ಕಿರುವಾಗ ಯಾರಿಗೇನು ಚಿಂತೆ?

ಆದರೆ ಒಂದು ಮಳೆಗಾಲ ನೀರು ಅವನ ಉಳಿ-ಸುತ್ತಿಗೆಯ ಶೆಡ್ಡಿನ ಬುಡವನ್ನೇ ಮುಟ್ಟಿಬಿಟ್ಟಿತು. ಬಡಗಿಯಣ್ಣನಿಗೆ ರೇಗಿಹೋಯಿತು. ಬೇಸಿಗೆಯಲ್ಲಿ ಲಾರಿಗಟ್ಟಲೆ ಕಲ್ಲು ತರಿಸಿ ಶೆಡ್ಡಿನ ಮುಂದೆ ಎದೆಯೆತ್ತರದ ಗೋಡೆ ಕಟ್ಟಿದ. ಆಯುಷ್ಯವೆಲ್ಲ ಇದೇ ದಡದಲ್ಲಿ ಮೀನು ಒಣಗಿಸಿದ ಅವನ ಅತ್ತೆ, ಇದು ಬೇಡ ಎಂದು ಹೇಳಿ ನೋಡಿದಳು. ಅವನು ಕೇಳಿದರೆ ತಾನೇ! ಮುಂದಿನ ಮಳೆಗೆ ಗೋಡೆ ಜಪ್ಪಯ್ಯ ಎನ್ನಲಿಲ್ಲ. ಅವನು ಊರೆಲ್ಲ ಮೀಸೆ ತಿರುವಿಕೊಂಡು ಓಡಾಡಿದ.

ಮಳೆ ಮುಗಿಯಿತು. ಅಕ್ಕಪಕ್ಕದ ಮನೆಗಳ ಮುಂದೆ ಮರಳು ಬಂತು. ಇವನ ಗೋಡೆಯ ಮುಂದೆ ಮಾತ್ರ ಸೊಂಟದವರೆಗೆ ನೀರು. ದೋಣಿ ಎಳೆಯಲು ಜಾಗವಿಲ್ಲದೆ ಗಿರಾಕಿಗಳೆಲ್ಲ ದೂರದ ಬಂದರಿಗೆ ಹೋದರು. ಹೀಗೇ ಇದ್ದರೆ ಅಪ್ಪನ ಕಾಲದ ಕಸುಬು ಮುಚ್ಚಿ, ಬಂದರಿನಲ್ಲಿ ಯಾರದೋ ಕೈಕೆಳಗೆ ಕೂಲಿಗೆ ನಿಲ್ಲಬೇಕಿತ್ತು.

“ಕೊಡೋಕೆ ಬಂದೋರ ಮುಖಕ್ಕೇ ಬಾಗಿಲು ಹಾಕಿದ್ರೆ ಯಾರು ಕೊಡ್ತಾರೆ, ಅಳಿಯಂದ್ರೇ?” ಎಂದಳು ಅತ್ತೆ.

ಅವನು ಸಿಡುಕಿ ಎದ್ದುಹೋದ. ಆದರೂ ಗೋಡೆಯ ಮೇಲೆ ಕುಳಿತು ನೋಡಿದ. ಪಕ್ಕದ ಮನೆಯ ಮುಂದೆ ಅಲೆ ಇಳಿಜಾರು ಹತ್ತಿ, ಸುಸ್ತಾಗಿ, ಹೊತ್ತದ್ದನ್ನು ಅಲ್ಲೇ ಬಿಟ್ಟು ತೆಳ್ಳಗೆ ಹಿಂದಿರುಗುತ್ತಿತ್ತು. ಇಲ್ಲಿ ಮರಳು ಹೊತ್ತು ಕೆಂಪಗೆ ಬಂದ ಅಲೆ ಕಲ್ಲಿಗೆ ಬಡಿದು, ಅದೇ ಸಿಟ್ಟಿನಲ್ಲಿ ತಂದದ್ದನ್ನೂ, ಬುಡದಲ್ಲಿದ್ದದ್ದನ್ನೂ ಎಳೆದುಕೊಂಡು ಹೋಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ! ಅವನಿಗೆ ನಾಚಿಕೆಯಾಯಿತು.

ಗೋಡೆ ತೆಗೆದರೆ ಬರುವ ಮಳೆಗೆ ಶೆಡ್ಡು ನೀರುಪಾಲು, ಇಟ್ಟರೆ ಕಸುಬು. ಊಟಕ್ಕೆ ಕುಳಿತಾಗ ಹೆಂಡತಿಯ ಹತ್ತಿರ ತೋಡಿಕೊಂಡ.

“ಶೆಡ್ಡನ್ನ ಮನೆ ಹಿಂದೆ ಕಟ್ಕೊಳ್ಳೋಣ,” ಎಂದಳು ಅವಳು ಸಾರು ಬಡಿಸುತ್ತಾ. “ಕಡಲನ್ನ ಹಿಂದೆ ಕಟ್ಟೋಕಾಗುತ್ತಾ?”

ಮಾರನೆಯ ದಿನ ಹಾರೆ ಎತ್ತಿದ. ನೆರೆಯವರೂ ಕೈಹಾಕಿದರು. ಕಟ್ಟುವಾಗ ಒಂದು ಮಾತು ಕೇಳಲಿಲ್ಲ, ಕೆಡವಲು ಮಾತ್ರ ನೆನಪಾದೆವಲ್ಲ ಎಂದು ಅವರು ಛೇಡಿಸಿದರೆ, ಎಂದೂ ಬಿಟ್ಟುಕೊಡದವನು ಅಂದು ಹಲ್ಲುಕಿರಿದು ಇನ್ನೊಂದು ಕಲ್ಲಿಗೆ ಹಾರೆ ಹಾಕಿದ. ಕಲ್ಲುಗಳು ಹಿತ್ತಲಿಗೆ ಹೋಗಿ ಹೊಸ ಶೆಡ್ಡಿನ ಅಡಿಪಾಯಕ್ಕೆ ಬಿದ್ದವು.

ಆಮೇಲೆ ಕಾಯುವುದು. ಬಹಳ ದಿನ ಏನೂ ಆಗಲಿಲ್ಲ. ತಡಮಾಡಿಬಿಟ್ಟೆನೇನೋ ಎಂದು ಅವನು ಕಂಗಾಲಾದ. ಒಂದು ಬೆಳಿಗ್ಗೆ ನೀರಿನಂಚಿಗೆ ದೋಸೆಯಷ್ಟು ತೆಳುವಾದ ಮರಳು ಕಂಡಿತು. ಮಧ್ಯೆ ಒಮ್ಮೆ ಗಾಳಿಯೆದ್ದು ಕೂಡಿಸಿದ್ದರಲ್ಲಿ ಅರ್ಧವನ್ನು ಒಯ್ದಿತು. ಮತ್ತೆ ಬಂತು. ನಿಧಾನವಾಗಿ ಇಳಿಜಾರು ಎದ್ದಿತು. ಅವನು ದಿನಾ ಹೋಗಿ ಹಿಮ್ಮಡಿ ಊರಿ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದ. ಹೆಂಡತಿ ಒಳಗೊಳಗೇ ನಗುತ್ತಿದ್ದಳು.

ಕೊನೆಗೆ ಹಳೆಯ ಗಿರಾಕಿಯೊಬ್ಬ ಸೋರುವ ದೋಣಿಯನ್ನು ಇತ್ತ ತಿರುಗಿಸಿದ. ಎಲ್ಲರೂ ಸೇರಿ ಹಗ್ಗ ಎಳೆದಾಗ ತಳ ಮರಳಿಗೆ ಕರಕರ ಉಜ್ಜಿಕೊಂಡು ಮೇಲೇರಿತು. ಬಡಗಿಯಣ್ಣನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ದೋಣಿಯನ್ನು ಎಲ್ಲಿ ಮಗುಚಲಿ ಎಂದು ಗಿರಾಕಿ ಕೇಳಿದ.

“ಎಲ್ಲಿ ಬೇಕಾದ್ರೂ ಹಾಕು,” ಎಂದ ಬಡಗಿಯಣ್ಣ. “ಮಳೆಗಾಲ ಬರೋವರೆಗೂ ಇದೆಲ್ಲಾ ನಮ್ದೇ.”