ಪಕ್ಕದಾಕೆ ಹೇಳಿದ್ದು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಕೊಪ್ಪಳದ ಹೊರಗಿನ ಒಂದು ಬೀಜದ ಕಂಪನಿಯ ಗೇಟಿನಲ್ಲಿ ಕೂತು, ಸಂಜೆ ಮನೆಗೆ ಹೊರಟ ಹೆಣ್ಣುಮಕ್ಕಳ ಬುತ್ತಿಚೀಲ ಬಿಚ್ಚಿಸಿ ನೋಡುವ ಪಾಪಿ ನಾನು, ಲಕ್ಷ್ಮಣಪ್ಪ. ಈ ಕೆಲಸದಲ್ಲಿ ಮನುಷ್ಯರ ಮೇಲೆ ನಂಬಿಕೆ ಉಳಿಯುವುದಿಲ್ಲ. ಅಲ್ಪಸ್ವಲ್ಪ ಉಳಿದಿದ್ದರೆ ಅದು ಅಳವಂಡಿಯ ಕನಕಮ್ಮನ ಮೇಲೆ.

ಕನಕಮ್ಮ ಮೆಣಸಿನ ಬೀಜ ಆರಿಸುವಾಕೆ. ಮೇಜಿನ ಮೇಲೆ ಹರವಿದ ಬೀಜದಲ್ಲಿ ಜೊಳ್ಳು ಕಂಡರೆ ಸಾಕು, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಗಂಡ ಓಬಳೆಪ್ಪ ಬಾಯಿಮಾತಿನ ಶೂರ. ಮನೆ ನಡೆಯುತ್ತಿದ್ದುದು ಇವಳ ದಿನಗೂಲಿಯಿಂದ. ಪಕ್ಕದ ಕುರ್ಚಿ ರಾಜಾಬೀಯದು. ಇಬ್ಬರದೂ ಒಂದೇ ಊರು. ಬರುವುದು ಹೋಗುವುದು ಒಂದೇ ಟಂಟಂ ಆಟೋದಲ್ಲಿ, ಉಣ್ಣುವುದು ಒಂದೇ ಬುತ್ತಿಯಲ್ಲಿ.

ಈ ಸಲ ಬೇಸಿಗೆಯಲ್ಲಿ ಮೇಸ್ತ್ರಿ ಜಾಗ ಖಾಲಿಯಾಯಿತು. ಕಾಯಂ ನೌಕರಿ! ಅದು ಕನಕಮ್ಮನಿಗೇ ಎಂದು ನಾನು ಎಲ್ಲರ ಮುಂದೆ ಸಾರಿಬಿಟ್ಟಿದ್ದೆ. ಅಷ್ಟರಲ್ಲಿ ಮಾಲೀಕರಿಗೆ ಹೊಸ ಹುಚ್ಚು ಹಿಡಿಯಿತು. ಹುಬ್ಬಳ್ಳಿಯಿಂದ ಸುಕನ್ಯಾ ಎಂಬ, ಮನಶ್ಶಾಸ್ತ್ರ ಓದಿದ ಹುಡುಗಿಯನ್ನು ಕರೆಸಿದರು. ಯಾರ ಕೆಲಸ ಎಂಥದು, ಯಾರ ಸ್ವಭಾವ ಎಂಥದು ಅಂತ ಅಳೆಯುವುದಕ್ಕಂತೆ! ಮನಸ್ಸೇನು ಜೋಳವೇ, ಸೇರಿನಲ್ಲಿ ಅಳೆಯಲಿಕ್ಕೆ?

ಹುಡುಗಿ ಕೆಟ್ಟವಳಲ್ಲ. ಮೊದಲು ಮೂಲೆಯಲ್ಲಿ ಕೂತು ಸುಮ್ಮನೆ ನೋಡಿದಳು. ಅಷ್ಟಕ್ಕೇ ಶೆಡ್ಡಿನ ತುಂಬ ಗುಸುಗುಸು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದಳು. ನಿಮಗೆ ಸಿಟ್ಟು ಯಾವಾಗ ಬರುತ್ತದೆ? ನೀವು ಬಾರದ ದಿನ ನಿಮ್ಮ ಕೆಲಸ ಯಾರು ಮಾಡಬಲ್ಲರು? ಪಕ್ಕದವರು ಕೆಲಸದಲ್ಲಿ ಹೇಗೆ?

"ಬಾರದ ದಿನ ಅಂದ್ರೇನ್ರಿ ಅಣ್ಣಾರ? ನಮ್ಮನ್ನ ತಗಿಯಾಕ ಹೂಡ್ಯಾರ ಇದನ್ನ," ಎಂದು ರಾಜಾಬೀ ಗೇಟಿಗೆ ಬಂದು ಗೋಳಾಡಿದಳು.

"ಮತ್ತೇನಬೇ! ನುಣ್ಣಗ ಮಾತಾಡೋರನ್ನ ನಂಬಬ್ಯಾಡ," ಎಂದೆ.

ಕನಕಮ್ಮ ಮಾತ್ರ ಅವತ್ತು ನನ್ನ ಕಡೆ ನೋಡದೆ ಬುತ್ತಿಚೀಲ ಬಿಚ್ಚಿ ತೋರಿಸಿ ಹೊರಟಳು.

ಕೆಲವು ದಿನ ಕಳೆದು ಮೇಸ್ತ್ರಿ ಆದದ್ದು ಯಾರು? ಯಮನೂರಮ್ಮ! ಬಾಯಿ ಜೋರು, ಕೈ ನಿಧಾನ; ಶೆಡ್ಡಿನಲ್ಲಿ ಒಂದು ನರಪಿಳ್ಳೆಗೂ ಆಕೆ ಬೇಕಿರಲಿಲ್ಲ. ಕನಕಮ್ಮ ನೇರ ಮ್ಯಾನೇಜರರನ್ನೇ ಹೋಗಿ ಕೇಳಿದಳಂತೆ. "ನಿನ್ನ ಪಕ್ಕದಾಕೀನ ನಿನ್ನ ಬಗ್ಗಿ ಛಲೋ ಹೇಳಿಲ್ಲವ್ವಾ. ಯಮನೂರಮ್ಮನ್ನ ಎಲ್ಲಾರೂ ಹೊಗಳ್ಯಾರ," ಅಂದರಂತೆ.

ಸಂಜೆ ನನ್ನ ಎದುರೇ ಜಗಳ ಹತ್ತಿತು.

"ಏನ್ ಹೇಳಿದ್ಯಬೇ ನನ್ನ ಬಗ್ಗಿ?" ಎಂದು ಕನಕಮ್ಮ ಅಡ್ಡ ನಿಂತಳು.

"ಅಷ್ಟಕ್ಕಷ್ಟ ಅದಾಳ ಅಂದೆ," ಎಂದಳು ರಾಜಾಬೀ. "ಗುರ್ತಿಲ್ಲದ ಹೆಂಗಸಿನ ಮುಂದ ನಿನ್ನ ಹೊಗಳಿ ನಜರ್ ಹಚ್ಚಲೇನು? ನಿನ್ನ ಕೈಗೇನರ ಆಗಿದ್ರ? ನೌಕರಿ ಆ ಮಾತಿನ ಮ್ಯಾಲ ನಿಂತೈತಿ ಅಂತ ನನಗೇನ್ ಗೊತ್ತಬೇ!"

ಎಲಾ ಇವಳ! ಕೂಸು ದುಂಡಗಿದ್ದರೆ ತಾಯಂದಿರು ದೃಷ್ಟಿಗೆ ಹೆದರಿ ‘ಬಡಕಲು’ ಅನ್ನುವುದು ನನಗೂ ಗೊತ್ತು. ಯಮನೂರಮ್ಮನಿಗೆ ದೃಷ್ಟಿ ತಾಗಿದರೆ ಯಾರ ಗಂಟು ಹೋಗುತ್ತದೆ, ಅದಕ್ಕೇ ಬಾಯ್ತುಂಬ ಹೊಗಳಿದ್ದಾರೆ ಅಂತಲೂ ಹೊಳೆಯಿತು. ಆದರೂ ನಾನು ನಂಬಲಿಲ್ಲ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಅಂದುಕೊಂಡೆ.

"ಸುಳ್ಳು ಬೊಗಳಬ್ಯಾಡ!" ಎಂದು ಕನಕಮ್ಮ ಚೀರಿದಳು. ರಾಜಾಬೀ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆಯಾಚೆಯ ಟಂಟಂ ಕಡೆ ಹೋದಳು.

"ಬಿಡವ್ವಾ, ಹಾವಿಗೆ ಹಾಲೆರದಿ ನೀ," ಎಂದು ಸಮಾಧಾನ ಹೇಳಹೋದೆ.

ಕನಕಮ್ಮ ನನ್ನ ಮೇಲೇ ಹರಿಹಾಯ್ದಳು. "ಬಾಯಿ ಮುಚ್ಚಣ್ಣಾ! ಆಕಿ ಹೇಳಿದ್ದು ಖರೇನ ಐತಿ."

"ಮತ್ತ ಸುಳ್ಳು ಅಂದಿ?"

ಅವಳು ಗೇಟಿನ ಸರಳು ಹಿಡಿದುಕೊಂಡಳು. "ಆಕಿ ಕಣ್ಣಾಗ ಪೊರಿ ಬಂದೈತಿ. ನನಗೊಬ್ಬಾಕಿಗೇ ಹೇಳಿದ್ಲು. ಆಕಿ ಪಾಲಿನ ಬೀಜ ಅರ್ಧ ನಾನ ಆರಿಸ್ತಿದ್ದೆ. ಪಕ್ಕದಾಕಿ ಹೆಂಗ ಅಂತ ಆ ಮೇಡಂ ಕೇಳಿದಾಗ ಅದನ್ನ ಹೇಳಿಬಿಟ್ಟೆ. ಆಕಿ ಹಿಂದ ಬೀಳಲಿ, ನೌಕರಿ ನನಗ ಬರಲಿ ಅಂತ. ನಾಳೆ ಆಕಿ ಕಣ್ಣು ತಪಾಸಣಿ ಮಾಡಿಸ್ತಾರಂತ. ಕಾಣಂಗಿಲ್ಲ ಅಂದ್ರ ಕೆಲಸದಿಂದ ತಗೀತಾರ."

ನಾನು ರಸ್ತೆಯಾಚೆ ನೋಡಿದೆ.

ಟಂಟಂ ತುಂಬಿ ಹೊರಡಲು ನಿಂತಿತ್ತು. ರಾಜಾಬೀ ಕತ್ತು ಹೊರಗೆ ಹಾಕಿ, ಇನ್ನೂ ಅಳುವ ದನಿಯಲ್ಲೇ ಕೂಗಿದಳು. "ಕನಕೀ, ಲಗೂ ಬಾರಬೇ! ಜಾಗಾ ಹಿಡದೀನಿ!"

ನನ್ನ ಪಕ್ಕದಲ್ಲೇ ನಿಂತಿದ್ದ ಕನಕಮ್ಮ ಅಲುಗಾಡಲಿಲ್ಲ. "ಆಕಿಗೆ ಇಲ್ಲೀಮಟ ಕಾಣಂಗಿಲ್ಲ," ಎಂದು ಪಿಸುಗುಟ್ಟಿದಳು. "ಹೋಗ್ಯಾಳ ಅಂತ ಹೇಳಣ್ಣಾ."

ಹೇಳಿದೆ. ರಾಜಾಬೀ ನಂಬಿದಳು.