ನೀಲಕ್ಕನ ಗುಣ ಕಮ್ಮಿಯಾದದ್ದು

ನಿಮ್ಮ ಗುಣ ಕಡಿಮೆ ಎಂದು ಯಾರಾದರೂ ಸಹಿ ಹಾಕಿ ಬರೆದುಕೊಟ್ಟರೆ ನೀವೇನು ಮಾಡುವಿರಿ?

ನೀಲಕ್ಕ ರಾಜೀನಾಮೆ ಬರೆದಳು. ಅದನ್ನು ತಿದ್ದಿಸಲು ಕಳೆದ ರವಿವಾರ ಅಕ್ಕಲಕೋಟೆಯಿಂದ ಮೋಟಾರು ಹಿಡಿದು ಸೊಲ್ಲಾಪುರದ ನಮ್ಮ ಮನೆಗೆ ಬಂದಳು.

ಈಕೆ ನಮ್ಮ ತಾಯಿಯ ತವರೂರಿನವಳು, ಇಂಡಿ ಕಡೆಯವಳು. ಗಂಡ ತೀರಿಹೋದ ಮೇಲೆ ಅಕ್ಕಲಕೋಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಆ ಕೆಲಸವೇ ಅವಳ ನೆಲೆ, ಅವಳ ಮಾನ. ಈ ಸಲ ಕಲಿಸುವವರಿಗೇ ಓದು, ಬರಹ, ಲೆಕ್ಕದ ಪರೀಕ್ಷೆ ಇಟ್ಟಿದ್ದರು. (ಒಳ್ಳೆಯದೇ. ಮಕ್ಕಳಷ್ಟೇ ಯಾಕೆ ಹೆದರಬೇಕು?) ಅದರ ರಿಸಲ್ಟು ಬಂದಿತ್ತು.

"ನನ್ನ ಗುಣದ ಮ್ಯಾಲೆ ಬರದಾರ, ತಂಗಿ," ಎಂದಳು.

ನಾನು ಚಹಾ ಮುಂದಿಟ್ಟೆ. ಇಂಥ ವಿಷಯ ಕೆದಕುವುದು ನನ್ನ ಸ್ವಭಾವವಲ್ಲ. ಸುಮ್ಮನೆ ರಾಜೀನಾಮೆ ಓದಿದೆ. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.

ಇಷ್ಟು ಶುದ್ಧವಾಗಿ ಬರೆಯುವವಳ ಮೇಲೆ ಪರೀಕ್ಷೆಯವರು ಬರೆದದ್ದಾದರೂ ಏನು?

"ಆ ಕಾಗದ ತೋರಸ್ತೀಯೇನ, ನೀಲಕ್ಕಾ?"

ಸೆರಗಿನ ಗಂಟು ಬಿಚ್ಚಿದಳು. ಕಾಗದ ಮರಾಠಿಯಲ್ಲಿತ್ತು. ಅವಳಿಗೆ ಬರುವುದು ಸಂತೆಯ ಮರಾಠಿ. ಬರೆದದ್ದನ್ನು ಅಕ್ಷರ ಕೂಡಿಸಿ ಓದುತ್ತಾಳೆ. ವಾಚನ ಉತ್ತಮ. ಲೇಖನ ಉತ್ತಮ. ಆಮೇಲೆ ಗಣಿತ. ಅದರ ಕೆಳಗೆ, ಬೇರೆಯೇ ಸಾಲಿನಲ್ಲಿ: 'ಗುಣ ಕಮೀ. ಪುನ್ಹಾ ಬಸಾವೇ.'

"ನೋಡು, ಗುಣ ಕಮ್ಮಿ ಅಂತ. ಭಿನ್ನರಾಶಿ ಲೆಕ್ಕ ಬರಲಿಲ್ಲಂತ ಪರೀಕ್ಷಾದಾಗ ನಕ್ಕಬಿಟ್ಟಿದ್ದೆ, ಸಾಹೇಬರು ನೋಡಿದ್ರು. ನನ್ನಂಥಾಕಿ ನಗಬಾರದಿತ್ತು. ಇನ್ನ ಮನ್ಯಾಗ ಕುಂದ್ರು ಅಂತ ಬರದಾರ."

ನಗು ತಡೆದುಕೊಂಡೆ. (ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನವಿರಬೇಕು.)

"ಮರಾಠ್ಯಾಗ ಗುಣ ಅಂದ್ರ ಮಾರ್ಕು, ನೀಲಕ್ಕಾ."

"ಮಾರ್ಕಿಗೆ ಅವರೂ ಮಾರ್ಕ ಅಂತಾರಲ್ಲ?"

"ಮಾತಾಡೂಮುಂದ ಮಾರ್ಕು, ಬರಿಯೂಮುಂದ ಗುಣ. ಲೆಕ್ಕದಾಗ ಕಮ್ಮಿ ಬಿದ್ದಾವ, ಅಷ್ಟ. ಮತ್ತ ಕುಂದ್ರಬೇಕಾದದ್ದು ಪರೀಕ್ಷಾಕ್ಕ, ಮನ್ಯಾಗಲ್ಲ."

ಅವಳು ಆ ಸಾಲನ್ನು ಮತ್ತೆ ಅಕ್ಷರ ಕೂಡಿಸಿ ಓದಿದಳು.

"ಹಂಗಾರ ನಾ ಕೆಟ್ಟಾಕಿ ಅಲ್ಲ?"

"ಭಿನ್ನರಾಶಿಯೊಳಗ ಅಷ್ಟ ಕೆಟ್ಟಾಕಿ."

"ಅಯ್ಯ ನಿನ್ನ! ಎಂಟ ದಿನ ಗ್ವಾಡಿ ಕಡೆ ಮುಖ ಮಾಡಿ ಮಲಗೀನಿ ನಾ!"

ಆಮೇಲೆ ಅವಳು ಜೋರಾಗಿ ನಕ್ಕಳು. ಸಾಹೇಬರ ಮುಂದೆಯೂ ಹೀಗೆಯೇ ನಕ್ಕಿರಬೇಕು.

ರಾಜೀನಾಮೆಯ ಬೆನ್ನ ಮೇಲೆಯೇ ಭಿನ್ನರಾಶಿ ಬಿಡಿಸಲು ಕೂತೆವು. ರೊಟ್ಟಿ ಮುರಿದು ಅರ್ಧ, ಕಾಲು, ಅರೆಕಾಲು ಮಾಡಿ ತೋರಿಸಿದೆ. ಸಂಜೆಯ ಮೋಟಾರಿನ ಹೊತ್ತಿಗೆ ಐದು ಲೆಕ್ಕದಲ್ಲಿ ನಾಲ್ಕು ಸರಿ ಬಂದವು. ಐದನೆಯದನ್ನು ಮೋಟಾರಿನಲ್ಲಿ ಬಿಡಿಸುತ್ತೇನೆಂದು ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಮುಂದಿನ ಸಲ ಪಾಸಾಗುತ್ತಾಳೆ. ನನಗೆ ಸಂಶಯವಿಲ್ಲ.

ನನ್ನ ಸಂಶಯ ಬೇರೆ. ಅವಳಿಗೆ ಓದಲು ಬರುವುದೇ ಎಂದು ಪರೀಕ್ಷಿಸಿದವರು, ಅವಳು ಓದುವ ಭಾಷೆಯಲ್ಲಿ ಎರಡು ಸಾಲು ಬರೆಯಬಾರದಿತ್ತೇ? ಅವರಿಗೂ, ನಡತೆಯ ಮಾತೇ ಇರಬೇಕೆಂದು ಚಹಾ ಕೊಟ್ಟು ಸುಮ್ಮನೆ ಕೂತಿದ್ದ ನನಗೂ ಎಷ್ಟು 'ಗುಣ' ಹಾಕೋಣ?